ಓಡಿ ಬಂದು ಐದು ಗುಂಡು

ಬಯಾಥ್ಲಾನ್ ಅಂದರೇನು ಅಂತ ಚಿಕ್ಕಬಳ್ಳಾಪುರದಲ್ಲಿ ಯಾರಾದರೂ ಕೇಳಿದರೆ ನಾನು ಹೀಗೆ ಹೇಳುತ್ತೇನೆ. ಹಿಮದ ಮೇಲೆ ಸ್ಕೀ ಹಾಕಿಕೊಂಡು ಕೆಲವು ಕಿಲೋಮೀಟರ್ ಜೋರಾಗಿ ಹೋಗಬೇಕು. ಏದುಸಿರು ಬಿಡುತ್ತಲೇ ರೇಂಜಿಗೆ, ಅಂದರೆ ಗುರಿ ಹೊಡೆಯುವ ಜಾಗಕ್ಕೆ ಬಂದು, ಬೆನ್ನ ಮೇಲಿನ ರೈಫಲ್ ಇಳಿಸಿ, 50 ಮೀಟರ್ ದೂರದ ಐದು ಕಪ್ಪು ಚುಕ್ಕಿಗಳಿಗೆ ಐದು ಗುಂಡು ಹೊಡೆಯಬೇಕು. ತಪ್ಪಿದ ಒಂದೊಂದಕ್ಕೂ 150 ಮೀಟರ್ ದಂಡದ ಸುತ್ತು. ಆಮೇಲೆ ಮತ್ತೆ ಸ್ಕೀ. ಒಮ್ಮೆ ಮಲಗಿ ಹೊಡೆಯಬೇಕು, ಇನ್ನೊಮ್ಮೆ ನಿಂತು.

ಇಷ್ಟು ಹೇಳಿದ ಮೇಲೆ ಎಲ್ಲರೂ ಕೇಳುವುದು ಒಂದೇ. "ಇಲ್ಲಿ ಹಿಮ ಎಲ್ಲಿದೆ ಮೇಡಂ?"

ಹಿಮ ಇಲ್ಲ, ನಿಜ. ಆದರೂ ಈ ಆಟ ಕಲಿಯುವುದನ್ನು ಇಲ್ಲೇ ಶುರು ಮಾಡಬಹುದು ಅಂತ ಇಷ್ಟು ದಿನದ ಅಭ್ಯಾಸದಲ್ಲಿ ನನಗೆ ಖಾತ್ರಿಯಾಗಿದೆ. ಓಡುವವರು ಬೇಕಾದಷ್ಟು ಜನ ಇದ್ದಾರೆ. ಗುರಿ ಹೊಡೆಯುವವರೂ ಇದ್ದಾರೆ. ಓಟ ನಿಲ್ಲಿಸಿ ಗುರಿಗೆ ಕಣ್ಣಿಡುವ ಆ ಅರ್ಧ ನಿಮಿಷ ಇದೆಯಲ್ಲ, ಅದನ್ನು ಕಲಿಯುವುದೇ ಬಯಾಥ್ಲಾನ್. ಅದಕ್ಕೆ ಹಿಮ ಬೇಕಿಲ್ಲ.

ನಾನು ಪಿಯು ಕಾಲೇಜಿನಲ್ಲಿ ಭೌತಶಾಸ್ತ್ರ ಪಾಠ ಮಾಡುತ್ತೇನೆ. ನಲವತ್ತು ದಾಟಿದೆ. ಬೆಳಿಗ್ಗೆ ಸರ್ ಎಂ. ವಿಶ್ವೇಶ್ವರಯ್ಯ ಕ್ರೀಡಾಂಗಣದಲ್ಲಿ ಓಡುವ ಅಭ್ಯಾಸ ಮೊದಲಿಂದಲೂ ಇತ್ತು. ಚಳಿಗಾಲದಲ್ಲಿ ಯುರೋಪಿನ ವಿಶ್ವಕಪ್ ಪಂದ್ಯಗಳು ನಮಗೆ ಸಂಜೆ ಹೊತ್ತಿಗೆ ಬರುತ್ತವೆ. ಜರ್ಮನಿಯ ರೂಪೋಲ್ಡಿಂಗ್, ಇಟಲಿಯ ಆಂಟ್‌ಹೋಲ್ಟ್ಸ್, ಸ್ವೀಡನ್ನಿನ ಓಸ್ಟರ್‌ಸುಂಡ್ ಹೆಸರುಗಳು ಹಾಗೆ ಪರಿಚಯವಾದವು. ನಾರ್ವೆಯ ಓಲೆ ಐನಾರ್ ಬ್ಯೋರ್ನ್‌ಡಾಲೆನ್ ಒಲಿಂಪಿಕ್ಸಿನಲ್ಲಿ 8 ಚಿನ್ನ ಗೆದ್ದವರು. ಅವರ ಹಳೆಯ ಪಂದ್ಯಗಳನ್ನೂ ಹುಡುಕಿ ನೋಡಿದೆ. ನೋಡುತ್ತಾ ನೋಡುತ್ತಾ ಒಂದು ವಿಷಯ ಬಿಡದೆ ಕಾಡತೊಡಗಿತು. ಎಲ್ಲರಿಗಿಂತ ಮುಂದೆ ಬಂದವನು ಕೊನೆಯ ಸಲ ನಿಂತು ಹೊಡೆಯುವಾಗ ಎರಡು ತಪ್ಪಿಸಿ ಐದನೆಯವನಾಗುತ್ತಾನೆ. ಅಷ್ಟು ಶಕ್ತಿ ಇರುವ ದೇಹಕ್ಕೆ ಆ ಗಳಿಗೆಯಲ್ಲಿ ಏನಾಗುತ್ತದೆ? ನನ್ನ ದೇಹದಲ್ಲೇ ಅದನ್ನು ನೋಡಬೇಕು ಅನ್ನಿಸಿತು.

ಮೊದಲು ಬಂದೂಕಿನ ವಿಷಯ, ಯಾಕೆಂದರೆ ಎಲ್ಲರಿಗೂ ಭಯ ಇರುವುದು ಅಲ್ಲೇ. ಬಯಾಥ್ಲಾನ್‌ನಲ್ಲಿ ಬಳಸುವುದು .22 ರೈಫಲ್, ಅಂದರೆ ಗುಂಡಿನ ಅಡ್ಡಳತೆ 0.22 ಇಂಚು. 1978ರಿಂದ ಈ ಸಣ್ಣ ಗುಂಡು ಬಂತು. ಅದಕ್ಕೂ ಮುಂಚೆ ಸೈನ್ಯದಲ್ಲಿ ಬಳಸುವಂಥ ದೊಡ್ಡ ಗುಂಡೇ ಇತ್ತು. ನಮ್ಮ ದೇಶದಲ್ಲಿ .22 ರೈಫಲ್ ಇಟ್ಟುಕೊಳ್ಳಲು ಲೈಸೆನ್ಸ್ ಬೇಕೇ ಬೇಕು. ಹವ್ಯಾಸಕ್ಕೆ ಶುರು ಮಾಡುವವರು ಆ ದಾರಿ ಹಿಡಿಯುವುದು ಬೇಡ. 2016ರ ಶಸ್ತ್ರಾಸ್ತ್ರ ನಿಯಮಗಳ ಪ್ರಕಾರ 4.5 ಮಿಲಿಮೀಟರ್, ಅಂದರೆ .177 ಅಳತೆ ಮೀರದ, 20 ಜೂಲ್ ಶಕ್ತಿ ದಾಟದ ಏರ್ ರೈಫಲ್‌ಗೆ, ಅಂದರೆ ಗಾಳಿಯ ಒತ್ತಡದಿಂದ ಹೊಡೆಯುವ ರೈಫಲ್‌ಗೆ ಲೈಸೆನ್ಸ್ ಬೇಡ. ಒಲಿಂಪಿಕ್ಸಿನ 10 ಮೀಟರ್ ಏರ್ ರೈಫಲ್ ಸ್ಪರ್ಧೆಯ ಪೆಲೆಟ್ಟೂ, ಅಂದರೆ ಸೀಸದ ಸಣ್ಣ ಗುಂಡೂ, ಇದೇ 4.5 ಮಿಲಿಮೀಟರ್. ಅರ್ಧ ಗ್ರಾಂ ತೂಕದ ಪೆಲೆಟ್ ಸೆಕೆಂಡಿಗೆ ಸುಮಾರು 175 ಮೀಟರ್ ವೇಗದಲ್ಲಿ ಹೋಗುತ್ತದೆ. ಲೆಕ್ಕ ಹಾಕಿದರೆ ಏಳೂವರೆ ಜೂಲ್ ಚಿಲ್ಲರೆ. .22 ಗುಂಡಿನದು ನೂರು ಜೂಲ್‌ಗೂ ಜಾಸ್ತಿ. ಹಾಗಂತ ಏರ್ ರೈಫಲ್ ಆಟದ ಸಾಮಾನಲ್ಲ. ಕಣ್ಣಿಗೆ ಬಿದ್ದರೆ ಕಣ್ಣು ಹೋಗುತ್ತದೆ.

ಅಮ್ಮನಿಗೆ ಈ ಜೂಲ್ ಲೆಕ್ಕ ಯಾವುದೂ ಬೇಕಿರಲಿಲ್ಲ. "ಯಾಕೆ ಬೇಕೇ ನಿನಗೆ ಈ ಕೋವಿ ಸಹವಾಸ? ಓಡೋದಾದ್ರೆ ಓಡು, ಬೇಡ ಅಂದೋರ್ಯಾರು?" ಅಂದರು. ರೈಫಲ್ಲನ್ನು ಮನೆಗೆ ತರುವ ಮುಂಚೆ ರೇಂಜಿನಲ್ಲಿ ಸರಿಯಾಗಿ ಕಲಿಯುತ್ತೇನೆ ಅಂತ ಅವರಿಗೆ ಮಾತು ಕೊಟ್ಟೆ. ಆ ಮಾತು ಕೊಟ್ಟಿದ್ದು ಒಳ್ಳೆಯದೇ ಆಯಿತು.

ಬೆಂಗಳೂರಿನ ಉತ್ತರ ಭಾಗದಲ್ಲಿ ಏರ್ ರೈಫಲ್ ರೇಂಜುಗಳಿವೆ. ಭಾನುವಾರ ಬೆಳಿಗ್ಗೆ ಬಸ್ಸು ಹತ್ತಿದರೆ ದೇವನಹಳ್ಳಿ ದಾಟಿ ಹೆಬ್ಬಾಳದ ಕಡೆ ಹೋಗಿ ಮಧ್ಯಾಹ್ನದೊಳಗೆ ವಾಪಸ್ ಬರಬಹುದು. ರೈಫಲ್ ಅವರೇ ಕೊಡುತ್ತಾರೆ. ಗಂಟೆಗೆ ಇಷ್ಟು ಅಂತ ಬಾಡಿಗೆ, ಪೆಲೆಟ್‌ಗೆ ಬೇರೆ ದುಡ್ಡು. ವಿದೇಶದ ಮ್ಯಾಚ್ ರೈಫಲ್, ಅಂದರೆ ಸ್ಪರ್ಧೆಗೆ ಬಳಸುವ ರೈಫಲ್ ಬೆಲೆ ಲಕ್ಷ ದಾಟುತ್ತದೆ. ಹಾಗಾಗಿ ಬಾಡಿಗೆಯಲ್ಲಿ ಕಲಿಯುವುದೇ ಸರಿ. ನನಗೆ ಹೇಳಿಕೊಟ್ಟ ಕೋಚ್ ನನ್ನ ಹಳೆಯ ವಿದ್ಯಾರ್ಥಿಗಳ ವಯಸ್ಸಿನ ಹುಡುಗ. ಮೊದಲ ದಿನ ಒಂದು ಪೆಲೆಟ್ಟೂ ಕೊಡಲಿಲ್ಲ.

"ಮೇಡಂ, ಇವತ್ತು ಹೊಡೆಯೋದಿಲ್ಲ. ಹಿಡಿಯೋದು, ಇಡೋದು, ಅಷ್ಟೇ" ಅಂದ.

ನಳಿಗೆ ಯಾವಾಗಲೂ ಗುರಿಯ ಕಡೆಗೇ ಇರಬೇಕು. ಹೊಡೆಯುವ ಕ್ಷಣದವರೆಗೆ ಬೆರಳು ಟ್ರಿಗರ್ ಹತ್ತಿರ ಹೋಗಬಾರದು. ಕೆಳಗಿಡುವಾಗ ಪೆಲೆಟ್ ತುಂಬುವ ಜಾಗ ತೆರೆದಿರಬೇಕು, ಒಳಗೆ ಏನೂ ಇಲ್ಲ ಅಂತ ನೋಡಿದವರಿಗೆ ಕಾಣಬೇಕು. ಮುಂದೆ ಒಬ್ಬರು ನಡೆದು ಹೋಗುತ್ತಿದ್ದರೂ ಎಲ್ಲರ ಕೈಯೂ ರೈಫಲ್ಲಿಂದ ದೂರ. ಓದುವಾಗ ಇದೆಲ್ಲ ಸುಲಭ. ಆದರೆ ಓಡಿ ಬಂದು ಕೈ ನಡುಗುತ್ತಾ ಕಣ್ಣಿಗೆ ಬೆವರು ಇಳಿಯುತ್ತಿರುವಾಗಲೂ ಇದು ತಾನಾಗಿಯೇ ಆಗಬೇಕು. ಅಷ್ಟು ಮೈಗೂಡುವವರೆಗೆ ಓಟವನ್ನೂ ಗುರಿಯನ್ನೂ ಸೇರಿಸಬಾರದು. ಈ ಮಾತಿನಲ್ಲಿ ನಾನು ಯಾರ ಜೊತೆಗೂ ರಾಜಿ ಆಗುವುದಿಲ್ಲ.

ಕಣ್ಣಿನ ಕೆಲಸ ಆಮೇಲೆ ಬಂತು. ಬಯಾಥ್ಲಾನ್ ರೈಫಲ್ಲಿಗೆ ದುರ್ಬೀನು ಹಾಕುವ ಹಾಗಿಲ್ಲ. ಹಿಂದೆ ಒಂದು ಸಣ್ಣ ತೂತು, ಮುಂದೆ ಒಂದು ಉಂಗುರ. ತೂತಿನೊಳಗಿಂದ ನೋಡಿದಾಗ ಉಂಗುರದ ನಡುವೆ ಕಪ್ಪು ಚುಕ್ಕಿ ಕೂರಬೇಕು. ದೃಷ್ಟಿ ಇಡಬೇಕಾದ್ದು ಉಂಗುರದ ಮೇಲೆ. ಗುರಿ ಸ್ವಲ್ಪ ಮಸುಕಾಗಿ ಕಂಡರೂ ಪರವಾಗಿಲ್ಲ. 10 ಮೀಟರ್ ರೈಫಲ್ಲಿನಲ್ಲೂ ಇದೇ ವ್ಯವಸ್ಥೆ. ಹಾಗಾಗಿ ಇಲ್ಲಿ ಕಲಿತದ್ದು ಒಂದೂ ವ್ಯರ್ಥವಾಗುವುದಿಲ್ಲ. ವ್ಯತ್ಯಾಸ ಇರುವುದು ಬಟ್ಟೆಯಲ್ಲಿ. ರೇಂಜಿನಲ್ಲಿ ಅಕ್ಕಪಕ್ಕ ನಿಂತ ಹುಡುಗ ಹುಡುಗಿಯರೆಲ್ಲ ದಪ್ಪ ಜಾಕೆಟ್, ಬಿಗಿಯಾದ ಪ್ಯಾಂಟ್ ಹಾಕಿರುತ್ತಾರೆ. ಅದು ಬೆನ್ನನ್ನು ಅಲ್ಲಾಡದಂತೆ ಹಿಡಿದಿಡುತ್ತದೆ. ಬಯಾಥ್ಲಾನ್‌ನಲ್ಲಿ ಓಡುವ ಬಟ್ಟೆಯಲ್ಲೇ ಹೊಡೆಯಬೇಕು. ನಾನು ಮೊದಲಿಂದಲೂ ಟೀ ಶರ್ಟ್‌ನಲ್ಲೇ ಅಭ್ಯಾಸ ಮಾಡಿದೆ. ಅಂಕ ಕಡಿಮೆ ಬರುತ್ತದೆ, ಬರಲಿ.

ನಮ್ಮ ಬೀದಿಯಲ್ಲಿ ಸೈನ್ಯದಿಂದ ನಿವೃತ್ತರಾಗಿ ಬಂದ ಸುಬೇದಾರರೊಬ್ಬರಿದ್ದಾರೆ. ನಾವೆಲ್ಲ ಅವರನ್ನು ಮಾವ ಅಂತಲೇ ಕರೆಯುವುದು. ಕಾಶ್ಮೀರದಲ್ಲಿ ವರ್ಷಗಟ್ಟಲೆ ಇದ್ದವರು. ನಾನು ಈ ಆಟದ ಬಗ್ಗೆ ಹೇಳಿದಾಗ ಬೇರೆಯವರ ಹಾಗೆ ಹಿಮ ಎಲ್ಲಿದೆ ಅಂತ ಕೇಳಲಿಲ್ಲ. ಅವರಿಗೆ ಕೂಡಲೇ ಅರ್ಥವಾಯಿತು. ಯಾಕೆಂದರೆ ಈ ಆಟ ಹುಟ್ಟಿದ್ದೇ ಗಡಿ ಕಾಯುವ ಸೈನಿಕರಲ್ಲಿ. ನಾರ್ವೆಯ ಗಡಿ ತುಕಡಿಗಳು 1767ರಲ್ಲೇ ಸ್ಕೀ ಮೇಲೆ ಹೋಗಿ ಗುರಿ ಹೊಡೆಯುವ ಪಂದ್ಯ ಆಡಿದ್ದವು. ಒಲಿಂಪಿಕ್ಸಿಗೆ ಗಂಡಸರ ಬಯಾಥ್ಲಾನ್ ಬಂದದ್ದು 1960ರಲ್ಲಿ, ಹೆಂಗಸರದು 1992ರಲ್ಲಿ. ಈ ಮೂವತ್ತೆರಡು ವರ್ಷದ ಅಂತರ ನನಗೆ ಇವತ್ತಿಗೂ ಬೇಸರ ತರಿಸುತ್ತದೆ.

ಮಾವ ಸಂಜೆ ಹೊತ್ತು ನಮ್ಮ ತಾರಸಿಗೆ ಬಂದು ಕೂರುತ್ತಿದ್ದರು. ಕೈಯಲ್ಲಿ ರೈಫಲ್ ಇಲ್ಲದೆಯೇ ಮಲಗುವುದು, ಏಳುವುದು, ಮೊಣಕೈ ಎಲ್ಲಿ ಊರಬೇಕು ಅನ್ನುವುದು. ಇದನ್ನೇ ಮತ್ತೆ ಮತ್ತೆ ಮಾಡಿಸಿದರು. "ನೋಡಮ್ಮಾ, ಕಣ್ಣು ಮುಚ್ಕೊಂಡು ಪೊಸಿಷನ್ ತಗೋ. ಈಗ ಕಣ್ಣು ಬಿಡು. ಗುರಿ ಎಲ್ಲಿದೆ?" ಗುರಿ ಎಡಕ್ಕಿದ್ದರೆ ಕೈಯಿಂದ ನಳಿಗೆ ತಳ್ಳಬಾರದು. ಇಡೀ ಮೈಯನ್ನೇ ಹೊಟ್ಟೆಯ ಸುತ್ತ ಸ್ವಲ್ಪ ತಿರುಗಿಸಬೇಕು. ಕೈಯಿಂದ ತಳ್ಳಿ ಹಿಡಿದ ನಳಿಗೆ ದಣಿದಾಗ ತನ್ನ ಜಾಗಕ್ಕೇ ವಾಪಸ್ ಹೋಗುತ್ತದೆ. ಮೈ ತಿರುಗಿಸಿ ಕೂರಿಸಿದ್ದು ಅಲ್ಲೇ ಇರುತ್ತದೆ. ಟ್ರಿಗರ್ ವಿಷಯದಲ್ಲಿ ಅವರದು ಒಂದೇ ಮಾತು: "ಎಳೀಬೇಡ, ಒತ್ತು." ಬಯಾಥ್ಲಾನ್ ರೈಫಲ್ಲಿನ ಟ್ರಿಗರ್ ಕನಿಷ್ಠ 500 ಗ್ರಾಂ ಭಾರ ತಡೆಯಬೇಕು ಅಂತ ನಿಯಮ ಇದೆ. ಅರ್ಧ ಕೆಜಿ ಸಕ್ಕರೆ ಪೊಟ್ಟಣವನ್ನು ಬೆರಳಿಗೆ ನೇತು ಹಾಕಿ ತೋರಿಸಿದರು. ಅಷ್ಟೇ ಒತ್ತಡ, ಅದಕ್ಕಿಂತ ಜಾಸ್ತಿ ಬೇಡ.

ಇಷ್ಟೆಲ್ಲ ಆದ ಮೇಲೆ ಭಾರತದಲ್ಲೇ ತಯಾರಾಗುವ ಒಂದು ಏರ್ ರೈಫಲ್ ಕೊಂಡೆ. ಅಂಗಡಿಯವರು ಗುರುತಿನ ಚೀಟಿ, ವಿಳಾಸದ ದಾಖಲೆ ತೆಗೆದುಕೊಂಡು ಬರೆದುಕೊಂಡರು. ಪೆಟ್ಟಿಗೆಯಲ್ಲಿ ಬೀಗ ಹಾಕಿ ಇಡುತ್ತೇನೆ, ಪೆಲೆಟ್ ಬೇರೆ ಬೀರುವಿನಲ್ಲಿ. ಬಸ್ಸಿನಲ್ಲಿ ಒಯ್ಯುವಾಗಲೂ ಪೆಟ್ಟಿಗೆ ಮುಚ್ಚಿಯೇ ಇರುತ್ತದೆ, ಬಿಲ್ಲಿನ ಪ್ರತಿ ಜೊತೆಗಿರುತ್ತದೆ. ಸಿಲಿಂಡರಿಗೆ ಗಾಳಿ ತುಂಬಿಸುವ ಮಾದರಿ ಇದು. 200 ಬಾರ್ ಒತ್ತಡಕ್ಕೆ ಕೈಪಂಪು ಹೊಡೆದರೆ ಅದೇ ಒಂದು ವ್ಯಾಯಾಮ. ಕೊಳ್ಳುವವರು ಒಂದು ವಿಷಯ ಕೇಳಿಕೊಳ್ಳಿ: ಪೆಲೆಟ್ ಇಲ್ಲದೆ ಟ್ರಿಗರ್ ಒತ್ತಿ ಅಭ್ಯಾಸ ಮಾಡುವ ಸೌಲಭ್ಯ ಇದೆಯಾ ಅಂತ. ಮ್ಯಾಚ್ ರೈಫಲ್ಲುಗಳಲ್ಲಿ ಇರುತ್ತದೆ. ಸ್ಪ್ರಿಂಗ್ ರೈಫಲ್ಲನ್ನು ಖಾಲಿ ಹೊಡೆದರೆ ಒಳಗಿನ ಪಿಸ್ಟನ್ ಹಾಳಾಗುತ್ತದೆ. ನನ್ನ ಅಭ್ಯಾಸದ ಬಹುಪಾಲು ನಡೆದದ್ದು ಹೀಗೆ ಪೆಲೆಟ್ ಇಲ್ಲದೆ, ಗೋಡೆಯ ಮೇಲೆ ಬರೆದ ಚುಕ್ಕಿಯ ಮುಂದೆ.

ಆ ಚುಕ್ಕಿ ಎಷ್ಟು ದೊಡ್ಡದಿರಬೇಕು? ಇಲ್ಲಿ ನನ್ನ ಪಾಠದ ವಿಷಯ ಉಪಯೋಗಕ್ಕೆ ಬಂತು. ನಿಜವಾದ ಬಯಾಥ್ಲಾನ್‌ನಲ್ಲಿ ಮಲಗಿ ಹೊಡೆಯುವ ಗುರಿಯ ವ್ಯಾಸ 45 ಮಿಲಿಮೀಟರ್, ನಿಂತು ಹೊಡೆಯುವುದು 115 ಮಿಲಿಮೀಟರ್. ಎರಡೂ 50 ಮೀಟರಿನಲ್ಲಿ. ಅದನ್ನು 10 ಮೀಟರಿಗೆ ಇಳಿಸಿದರೆ ಐದನೇ ಒಂದು ಭಾಗ. ಅಂದರೆ 9 ಮತ್ತು 23 ಮಿಲಿಮೀಟರ್. ಕಣ್ಣಿಗೆ ಎರಡೂ ಕಡೆ ಒಂದೇ ಅಳತೆಯಲ್ಲಿ ಕಾಣುತ್ತವೆ. ಕೈವಾರ ತಗೊಂಡು ಬಿಳಿ ರಟ್ಟಿನ ಮೇಲೆ ಒಂದೊಂದು ಸಾಲಿಗೆ ಐದೈದು ಬರೆದೆ. 9 ಮಿಲಿಮೀಟರ್ ಚುಕ್ಕಿಯನ್ನು ಹತ್ತು ಮೀಟರ್ ಆಚೆ ಇಟ್ಟು ಮೊದಲ ಸಲ ನೋಡಿದಾಗ ಆ ಆಟಗಾರರ ಮೇಲೆ ಇದ್ದ ಗೌರವ ಇನ್ನೂ ಹೆಚ್ಚಾಯಿತು.

ಇದಕ್ಕೆ ತುಂಬ ಹತ್ತಿರದ ಇನ್ನೊಂದು ಆಟ ಇದೆ, ಅದರ ಹೆಸರು ಟಾರ್ಗೆಟ್ ಸ್ಪ್ರಿಂಟ್. ಅಂತರರಾಷ್ಟ್ರೀಯ ಶೂಟಿಂಗ್ ಸಂಸ್ಥೆಯೇ ನಡೆಸುವ ಸ್ಪರ್ಧೆ ಅದು. 400 ಮೀಟರ್ ಓಡಿ, ನಿಂತು 10 ಮೀಟರಿನಲ್ಲಿ ಐದು ಗುರಿ ಬೀಳಿಸಿ, ಮತ್ತೆ 400 ಓಡಿ, ಮತ್ತೆ ಐದು ಬೀಳಿಸಿ, ಕೊನೆಗೆ ಇನ್ನೊಂದು 400. ಅಲ್ಲಿ ಗುರಿ 35 ಮಿಲಿಮೀಟರ್. ಪೆಲೆಟ್ ಒಂದೊಂದಾಗಿ ತುಂಬಬೇಕು. ರೈಫಲ್ ರೇಂಜಿನಲ್ಲೇ ಇರುತ್ತದೆ, ಹೊತ್ತು ಓಡುವ ಹಾಗಿಲ್ಲ. ಹೊಸಬರು ಇಲ್ಲಿಂದ ಶುರು ಮಾಡುವುದು ವಾಸಿ ಅಂತ ನನ್ನ ಅಭಿಪ್ರಾಯ. ನನ್ನ ಅಭ್ಯಾಸವನ್ನು ನಾನು ಈ ಎರಡೂ ಆಟ ಸೇರಿಸಿ ಹೊಂದಿಸಿಕೊಂಡೆ.

ಜಾಗ ಬೇಕಿತ್ತು. ಕ್ರೀಡಾಂಗಣಕ್ಕೆ ಬೆಳಿಗ್ಗೆ ಮಕ್ಕಳು, ವಯಸ್ಸಾದವರು ಎಲ್ಲ ಬರುತ್ತಾರೆ. ಅಲ್ಲಿಗೆ ರೈಫಲ್ ಒಯ್ಯುವ ಮಾತೇ ಇಲ್ಲ. ನಂದಿ ಕಡೆ ಹೋಗುವ ದಾರಿಯಲ್ಲಿ ನನ್ನ ತಮ್ಮನ ದ್ರಾಕ್ಷಿ ತೋಟ ಇದೆ. ಅಲ್ಲಿ ಕೃಷಿ ಹೊಂಡ ತೋಡಿದಾಗ ಎತ್ತಿ ಹಾಕಿದ ಮಣ್ಣಿನ ದೊಡ್ಡ ದಿಬ್ಬ ಹಾಗೇ ಉಳಿದಿತ್ತು. ಗುರಿಯ ಹಿಂದೆ ಬೇಕಾದ್ದು ಅದೇ. ದಿಬ್ಬದ ಆಚೆ ದಾರಿ ಇಲ್ಲ, ಮನೆ ಇಲ್ಲ. ತಮ್ಮ ಒಂದು ಷರತ್ತು ಹಾಕಿದ. "ಅಕ್ಕಾ, ಸೀಸ ಮಣ್ಣಿಗೆ ಸೇರಬಾರದು. ಹೊಂಡದ ನೀರನ್ನೇ ಗಿಡಕ್ಕೆ ಬಿಡೋದು." ನ್ಯಾಯವಾದ ಮಾತು. ಮರದ ಪೆಟ್ಟಿಗೆ ಮಾಡಿಸಿ, ಹಿಂಬದಿಗೆ ಕಬ್ಬಿಣದ ತಗಡು ಹೊಡೆಸಿ, ಒಳಗೆ ಗೋಣಿ, ಹಳೆ ಸೀರೆ ಬಿಗಿಯಾಗಿ ತುರುಕಿದೆವು. ಪೆಲೆಟ್ ಎಲ್ಲ ಅದರೊಳಗೇ ನಿಲ್ಲುತ್ತವೆ. ಮುಗಿದ ಮೇಲೆ ಆರಿಸಿ ಡಬ್ಬಿಗೆ ಹಾಕುತ್ತೇವೆ, ಸೋಪು ಹಚ್ಚಿ ಕೈ ತೊಳೆದೇ ತಿಂಡಿಗೆ ಕೂರುವುದು. ಅಲ್ಲಿರುವವರೆಲ್ಲ ಕನ್ನಡಕ ಹಾಕಬೇಕು, ನೋಡಲು ಬಂದವರೂ ಸೇರಿ.

ತೋಟದ ಬೇಲಿಯ ಒಳಗೆ ಒಂದು ಸುತ್ತು ಅಳತೆ ಮಾಡಿದರೆ 400 ಮೀಟರಿಗೆ ಸ್ವಲ್ಪ ಹೆಚ್ಚು ಬಂತು. ದಂಡದ ಸುತ್ತಿಗೆ 70 ಮೀಟರ್ ಇಟ್ಟೆವು. ಸ್ಕೀಯಲ್ಲಿ 150 ಮೀಟರ್ ಸುತ್ತಿಗೆ ಒಳ್ಳೆಯ ಆಟಗಾರರಿಗೆ ಅರ್ಧ ನಿಮಿಷದೊಳಗೆ ಹಿಡಿಯುತ್ತದೆ. ಓಟದಲ್ಲಿ ನನಗೆ 70 ಮೀಟರಿಗೆ 25 ಸೆಕೆಂಡ್. ಅಲ್ಲಿಗೆ ಶಿಕ್ಷೆ ಹೆಚ್ಚುಕಡಿಮೆ ಸರಿಹೋಯಿತು. ಅಕ್ಕನ ಮಗ ಡಿಗ್ರಿ ಓದುತ್ತಿದ್ದಾನೆ, ಅವನೂ ಸೇರಿಕೊಂಡ. ಒಬ್ಬರು ಓಡಿ ಹೊಡೆಯುವಾಗ ಇನ್ನೊಬ್ಬರು ಹಿಂದೆ ನಿಂತು ದುರ್ಬೀನಿನಲ್ಲಿ ರಟ್ಟು ನೋಡಿ "ಬಿತ್ತು", "ಹೋಯ್ತು" ಅಂತ ಕೂಗಬೇಕು.

ಈಗ ಆ ಅರ್ಧ ನಿಮಿಷದ ವಿಷಯಕ್ಕೆ ಬರುತ್ತೇನೆ.

ಸುಮ್ನೆ ನಿಂತು ಹೊಡೆಯುವಾಗ ಉಂಗುರ ಚುಕ್ಕಿಯ ಸುತ್ತ ಮೆಲ್ಲಗೆ ತೇಲುತ್ತದೆ. ಎರಡು ಸುತ್ತು ಜೋರಾಗಿ ಓಡಿ ಬಂದು ಮಲಗಿದರೆ ಅದೇ ಉಂಗುರ ಎದೆಬಡಿತಕ್ಕೆ ಸರಿಯಾಗಿ ಕುಣಿಯುತ್ತದೆ. ಒಂದೊಂದು ಬಡಿತಕ್ಕೂ ನಳಿಗೆಯ ತುದಿ ಮೇಲೆ ಜಿಗಿದು ಇಳಿಯುವುದು ಕಣ್ಣಿಗೆ ಕಾಣುತ್ತದೆ. ನನ್ನ ಗಡಿಯಾರ ನಿಮಿಷಕ್ಕೆ 165 ಬಡಿತ ತೋರಿಸುತ್ತಿತ್ತು. ಕಾರಣ ಹುಡುಕುತ್ತಾ ಹೋದಾಗ ಗೊತ್ತಾದದ್ದು ಸ್ಲಿಂಗ್ ಬಗ್ಗೆ. ಮಲಗಿ ಹೊಡೆಯುವಾಗ ಎಡತೋಳಿಗೆ ಒಂದು ಪಟ್ಟಿ ಬಿಗಿದು ರೈಫಲ್ಲಿಗೆ ಸಿಕ್ಕಿಸುತ್ತೇವೆ. ತೋಳಿನ ಒಳಬದಿಯಲ್ಲಿ ದೊಡ್ಡ ರಕ್ತನಾಳ ಇದೆ. ಪಟ್ಟಿ ಅದರ ಮೇಲೆ ಕೂತರೆ ನಾಡಿ ನೇರವಾಗಿ ನಳಿಗೆಗೆ ಹೋಗುತ್ತದೆ. ಪಟ್ಟಿಯನ್ನು ಭುಜದ ಹತ್ತಿರಕ್ಕೆ ಏರಿಸಿ ಹೊರಬದಿಗೆ ತಿರುಗಿಸಿದಾಗ ಕುಣಿತ ಅರ್ಧಕ್ಕೆ ಇಳಿಯಿತು. ಇಷ್ಟು ಸಣ್ಣ ವಿಷಯ ಇಷ್ಟು ದೊಡ್ಡ ಬದಲಾವಣೆ ತರುತ್ತದೆ ಅನ್ನುವುದೇ ಈ ಆಟದ ಸೊಗಸು.

ಉಸಿರಿನದು ಇನ್ನೊಂದು ಲೆಕ್ಕ. ಉಸಿರು ಎಳೆದಾಗ ನಳಿಗೆ ಕೆಳಗೆ, ಬಿಟ್ಟಾಗ ಮೇಲೆ. ಓಡಿ ಬಂದವರಿಗೆ ಉಸಿರು ಪೂರ್ತಿ ಹಿಡಿಯಲು ಆಗುವುದಿಲ್ಲ. ಹಿಡಿದರೆ ಮೂರು ನಾಲ್ಕು ಸೆಕೆಂಡಿಗೇ ಎದೆ ಒದ್ದಾಡುತ್ತದೆ, ಕಣ್ಣು ಮಂಜಾಗುತ್ತದೆ. ಹಾಗಾಗಿ ಒಂದು ತಾಳ ಹಿಡಿಯಬೇಕು. ಮಲಗಿದ ಕೂಡಲೇ ಮೂರು ದೊಡ್ಡ ಉಸಿರು. ಮೂರನೆಯದನ್ನು ಬಿಡುತ್ತಾ ಬಿಡುತ್ತಾ ಅರ್ಧದಲ್ಲಿ ನಿಲ್ಲಿಸು, ಚುಕ್ಕಿ ಕೂತಿತಾ, ಒತ್ತು. ಪೆಲೆಟ್ ತುಂಬುತ್ತಾ ಒಂದು ಉಸಿರು. ಮತ್ತೆ ಬಿಡು, ನಿಲ್ಲಿಸು, ಒತ್ತು. ಭತ್ತ ಕುಟ್ಟುವ ಇಬ್ಬರ ಒನಕೆಗಳು ಒಂದಕ್ಕೊಂದು ತಾಗದ ಹಾಗೆ ಏಳುತ್ತಾ ಬೀಳುತ್ತಾ ಇರುತ್ತವಲ್ಲ, ಹಾಗೆ ಉಸಿರೂ ಬೆರಳೂ ಸರದಿಯಲ್ಲಿ ಬರಬೇಕು. ಒಮ್ಮೆ ತಾಳ ಸಿಕ್ಕರೆ ಐದೂ ಗುಂಡು ಒಂದೇ ಕೆಲಸದ ಹಾಗೆ ಹರಿದು ಹೋಗುತ್ತವೆ. ತಪ್ಪಿದರೆ ಒಂದೊಂದೂ ಬೇರೆ ಬೇರೆ ಕೆಲಸ.

ಇದಕ್ಕಿಂತ ಮುಖ್ಯವಾದದ್ದು ರೇಂಜಿಗೆ ಬರುವ ಮುಂಚಿನ ಕೊನೆಯ ನೂರು ಮೀಟರ್. ದೊಡ್ಡ ಆಟಗಾರರನ್ನು ಗಮನಿಸಿ ನೋಡಿ. ರೇಂಜ್ ಹತ್ತಿರ ಬಂದಾಗ ಅವರು ವೇಗ ಇಳಿಸುತ್ತಾರೆ. ಸೋಮಾರಿತನದಿಂದ ಅಲ್ಲ, ಲೆಕ್ಕ ಹಾಕಿ. ನಾವೂ ತೋಟದಲ್ಲಿ ಪಂಪ್‌ಹೌಸ್ ಗೋಡೆಗೆ ಒಂದು ಗುರುತು ಹಾಕಿದೆವು. ಅಲ್ಲಿಂದ ಮುಂದೆ ಸಣ್ಣ ಹೆಜ್ಜೆ, ಮೂಗಿನಿಂದ ಉಸಿರು, ಕೈ ಸಡಿಲ. ಆ ನೂರು ಮೀಟರಿನಲ್ಲಿ ಕಳೆದುಕೊಳ್ಳುವುದು ಆರೇಳು ಸೆಕೆಂಡ್. ಉಳಿಸಿಕೊಳ್ಳುವುದು ಒಂದು ದಂಡದ ಸುತ್ತು.

ಈ ಲೆಕ್ಕವನ್ನು ಕೂತು ಮಾಡಬೇಕು. ಒಂದು ಗುಂಡಿಗೆ ಒಂದು ಉಸಿರು ಜಾಸ್ತಿ ತಗೊಂಡರೆ ಎರಡು ಸೆಕೆಂಡ್ ಹೋಗುತ್ತದೆ. ಐದಕ್ಕೆ ಹತ್ತು. ಒಂದು ತಪ್ಪಿದರೆ ನನಗೆ 25 ಸೆಕೆಂಡ್ ಹೋಗುತ್ತದೆ, ಮೇಲೆ ಕಾಲಿನ ದಣಿವು ಬೇರೆ. ಹಾಗಾಗಿ ನನ್ನಂಥ ಹೊಸಬರಿಗೆ ನಿಧಾನವೇ ವೇಗ. ಅಕ್ಕನ ಮಗ ಇದನ್ನು ಒಪ್ಪುವುದಿಲ್ಲ. ಅವನು ಸುತ್ತಿಗೆ ನನಗಿಂತ ಕಾಲು ನಿಮಿಷ ಮುಂದೆ ಓಡುತ್ತಾನೆ, ದಂಡದ ಸುತ್ತು ಅವನಿಗೆ ಹದಿನಾರು ಸೆಕೆಂಡಿನ ಕೆಲಸ. "ಚಿಕ್ಕಮ್ಮ, ನನಗೆ ಬೇಗ ಹೊಡೆಯೋದೇ ಲಾಭ" ಅನ್ನುತ್ತಾನೆ. ಅವನ ಕಾಲಿಗೆ ಅವನ ಲೆಕ್ಕ ಸರಿ. ಆದರೆ ಇಂಡಿವಿಜುವಲ್ ಅನ್ನುವ 20 ಕಿಲೋಮೀಟರಿನ ಹಳೆಯ ಪಂದ್ಯದಲ್ಲಿ ಒಂದು ತಪ್ಪಿಗೆ ಪೂರ್ತಿ ಒಂದು ನಿಮಿಷ ಸೇರಿಸುತ್ತಾರೆ. ಅಲ್ಲಿ ಅವನ ಲೆಕ್ಕ ನಡೆಯುವುದಿಲ್ಲ. ಒಮ್ಮೊಮ್ಮೆ ನಾವು ತೋಟದಲ್ಲೂ ಆ ನಿಯಮ ಇಟ್ಟುಕೊಂಡು ಓಡುತ್ತೇವೆ. ಆ ದಿನ ಗೆಲ್ಲುವುದು ನಾನೇ.

ನಿಂತು ಹೊಡೆಯುವುದು ಬೇರೆಯದೇ ಪಾಡು. ಗುರಿ ಎರಡೂವರೆ ಪಟ್ಟು ದೊಡ್ಡದು, ಆದರೂ ಕಷ್ಟ. ಓಡಿದ ತೊಡೆ ನಡುಗುತ್ತಿರುತ್ತದೆ. ಸ್ಲಿಂಗ್ ಇಲ್ಲ, ಊರಲು ನೆಲ ಇಲ್ಲ. ಎಡ ಮೊಣಕೈಯನ್ನು ಸೊಂಟದ ಮೂಳೆಯ ಮೇಲೆ ಕೂರಿಸಿ ರೈಫಲ್ ಭಾರವನ್ನು ಮೂಳೆಗೆ ಕೊಡಬೇಕು, ಸ್ನಾಯುವಿಗೆ ಕೊಡಬಾರದು. ಬಯಾಥ್ಲಾನ್ ರೈಫಲ್ ಕನಿಷ್ಠ ಮೂರೂವರೆ ಕೆಜಿ. ನನ್ನದೂ ಹತ್ತಿರ ಹತ್ತಿರ ಅಷ್ಟೇ ಇದೆ. ಮಂಡಿ ಲಾಕ್ ಮಾಡಬಾರದು, ಹಾಗಂತ ಬಗ್ಗಿಸಲೂಬಾರದು. ಉಂಗುರ ಚುಕ್ಕಿಯ ಮೇಲೆ ನಿಲ್ಲುವುದಿಲ್ಲ, ಹಾದು ಹೋಗುತ್ತದೆ. ಹಾದು ಹೋಗುವಾಗ ಒತ್ತಿಬಿಡೋಣ ಅನ್ನಿಸುತ್ತದೆ. ಹಾಗೆ ಕಸಿದುಕೊಂಡ ಗುಂಡು ಯಾವಾಗಲೂ ಹೊರಗೇ ಬೀಳುತ್ತದೆ. ಉಂಗುರದ ಓಡಾಟ ಚಿಕ್ಕದಾಗುವವರೆಗೆ ಬೆರಳಿನ ಮೇಲೆ ಭಾರ ಏರಿಸುತ್ತಾ ಇರಬೇಕು. ಇದನ್ನು ಮಾವ ಬಾಯಲ್ಲಿ ಹೇಳಿದ್ದರು. ನನ್ನ ಕೈಗೆ ತಿಳಿಯಲು ಒಂದು ಬೇಸಿಗೆ ಪೂರ್ತಿ ಬೇಕಾಯಿತು.

ಆಷಾಢದ ಗಾಳಿ ಬಂದಾಗ ನಿಂತ ಮೈಯನ್ನೇ ತಳ್ಳುತ್ತದೆ. 10 ಮೀಟರಿಗೆ ಪೆಲೆಟ್ ಹೆಚ್ಚು ಸರಿಯುವುದಿಲ್ಲ. 50 ಮೀಟರಿನ .22 ಗುಂಡು ಮಾತ್ರ ಗಾಳಿಗೆ ಚೆನ್ನಾಗಿಯೇ ಸರಿಯುತ್ತದೆ. ಅದಕ್ಕೇ ದೊಡ್ಡ ರೇಂಜುಗಳಲ್ಲಿ ಗಾಳಿ ನೋಡಲು ಸಣ್ಣ ಬಾವುಟ ಕಟ್ಟಿರುತ್ತಾರೆ. ಆಟಗಾರರು ಬಾವುಟ ನೋಡಿ ಹಿಂದಿನ ತೂತನ್ನು ಒಂದೆರಡು ಕ್ಲಿಕ್ ತಿರುಗಿಸುತ್ತಾರೆ. ನಾವೂ ಚಪ್ಪರದ ಕಂಬಕ್ಕೆ ಒಂದು ಕೆಂಪು ಬಟ್ಟೆ ಕಟ್ಟಿದ್ದೇವೆ. ಮಲಗುವ ಮುಂಚೆ ಅದರ ಕಡೆ ನೋಡುವ ಅಭ್ಯಾಸ ಆಗಲಿ ಅಂತ.

ಓಟದ ಬಗ್ಗೆ ಹೆಚ್ಚು ಹೇಳುವುದಿಲ್ಲ. ವಾರದ ಹೆಚ್ಚಿನ ಓಟ ಮಾತಾಡಿಕೊಂಡು ಓಡಬಹುದಾದ ವೇಗದಲ್ಲೇ ಇರಲಿ. ಒಂದು ದಿನ ಮಾತ್ರ ಜೋರು. ಭಾನುವಾರ ರೇಂಜಿಗೆ ಹೋಗದಿದ್ದರೆ ನಂದಿ ಬೆಟ್ಟದ ಸುಲ್ತಾನ್‌ಪೇಟೆ ಕಡೆಯ ಮೆಟ್ಟಿಲು ದಾರಿಯಲ್ಲಿ ಎರಡು ಕೋಲು ಹಿಡಿದು ಹತ್ತುತ್ತೇನೆ. ಹಿಮ ಇಲ್ಲದ ತಿಂಗಳುಗಳಲ್ಲಿ ಸ್ಕೀ ಆಟಗಾರರು ಕೋಲು ಊರಿಕೊಂಡು ಏರು ಹತ್ತುವ ಅಭ್ಯಾಸ ಮಾಡುತ್ತಾರೆ. ತೋಳು, ಬೆನ್ನು, ಕಾಲು ಮೂರಕ್ಕೂ ಒಟ್ಟಿಗೆ ಕೆಲಸ.

ಸ್ಕೀ ಭಾಗಕ್ಕೆ ಇಲ್ಲಿ ಮಾಡಬಹುದಾದದ್ದು ಇನ್ನೊಂದಿದೆ. ಬಯಾಥ್ಲಾನ್‌ನಲ್ಲಿ ಎಲ್ಲರೂ ಸ್ಕೇಟಿಂಗ್ ಶೈಲಿಯಲ್ಲೇ ಹೋಗುತ್ತಾರೆ. ಒಂದು ಕಾಲಿಂದ ಓರೆಯಾಗಿ ತಳ್ಳಿ, ಪೂರ್ತಿ ಭಾರ ಇನ್ನೊಂದು ಕಾಲಿಗೆ ಹಾಕಿ ಜಾರುವುದು. ರಸ್ತೆ ಮೇಲೆ ಓಡಿಸುವ ಚಕ್ರದ ಸ್ಕೀ, ಅಂದರೆ ರೋಲರ್ ಸ್ಕೀ, ನಮ್ಮ ಕಡೆ ಸುಲಭವಾಗಿ ಸಿಗುವುದಿಲ್ಲ. ಇನ್‌ಲೈನ್ ಸ್ಕೇಟ್ಸ್ ಸಿಗುತ್ತವೆ. ಊರಿನ ಸುತ್ತ ಹೊಸ ಲೇಔಟ್‌ಗಳು ಎಷ್ಟು ಆಗಿವೆ! ಟಾರು ಹಾಕಿದ ಅಗಲ ರಸ್ತೆ, ಕರೆಂಟ್ ಕಂಬ ಎಲ್ಲ ಇದೆ, ಮನೆ ಮಾತ್ರ ಒಂದೂ ಎದ್ದಿಲ್ಲ. ಬೆಳಿಗ್ಗೆ ಆರಕ್ಕೆ ಅಲ್ಲಿ ಹೆಲ್ಮೆಟ್, ಮಂಡಿಗೆ ಮೊಣಕೈಗೆ ಪ್ಯಾಡ್ ಹಾಕಿಕೊಂಡು ಕಲಿತೆ. ಅಲ್ಲಿಗೆ ಬರುವ ಏಳೆಂಟು ವರ್ಷದ ಮಕ್ಕಳು ನನಗೆ ನಿಲ್ಲುವುದು ಹೇಗೆ ಅಂತ ತೋರಿಸಿದರು. "ಆಂಟಿ, ಹಿಮ್ಮಡಿ ಒತ್ತಿ, ಕಾಲು ಮುಂದೆ ಬಿಡಿ" ಅಂತ. ಒಂದು ಕಾಲಿನ ಮೇಲೆ ಎರಡು ಮೂರು ಸೆಕೆಂಡ್ ಅಲ್ಲಾಡದೆ ಜಾರಲು ಬಂದಾಗ ಆದ ಖುಷಿ ದೊಡ್ಡದು. ನಿಂತು ಹೊಡೆಯುವುದಕ್ಕೂ ಆ ಸಮತೋಲ ನೇರವಾಗಿ ಉಪಯೋಗಕ್ಕೆ ಬಂತು. ಇದನ್ನು ನಾನು ಮೊದಲು ಎಣಿಸಿರಲಿಲ್ಲ.

ಹಿಮದ ಮೇಲೆ ನಾನಿನ್ನೂ ಹೋಗಿಲ್ಲ. ಗುಲ್ಮಾರ್ಗ್‌ನಲ್ಲಿ 2020ರಿಂದ ಖೇಲೋ ಇಂಡಿಯಾ ಚಳಿಗಾಲದ ಕ್ರೀಡಾಕೂಟ ನಡೆಯುತ್ತಿದೆ. ನಮ್ಮ ಕೊಡಗಿನ ಭವಾನಿ ತೆಕ್ಕಡ ನಂಜುಂಡ ಅಲ್ಲಿ ನಾರ್ಡಿಕ್ ಸ್ಕೀಯಿಂಗ್‌ನಲ್ಲಿ, ಅಂದರೆ ದೂರದ ಸ್ಕೀ ಓಟದಲ್ಲಿ ಪದಕ ಗೆದ್ದಿದ್ದಾರೆ. ಹಿಮ ಬೀಳದ ಕರ್ನಾಟಕದ ಹೆಣ್ಣುಮಗಳು! ಕಾಲೇಜಿನಲ್ಲಿ ಈ ವಿಷಯ ಹೇಳಿದಾಗ ಹುಡುಗಿಯರು ಕಣ್ಣರಳಿಸಿ ಕೇಳಿದರು. ಪೂರ್ವಸಿದ್ಧತಾ ಪರೀಕ್ಷೆಗಳ ಗಲಾಟೆ ಇಲ್ಲದ ವರ್ಷ ನೋಡಿಕೊಂಡು ಫೆಬ್ರವರಿಯಲ್ಲಿ ಗುಲ್ಮಾರ್ಗ್‌ಗೆ ಹೋಗಬೇಕು ಅಂತ ಇದ್ದೇನೆ. ಮಾವ ಅಲ್ಲಿನ ಚಳಿಗೆ ಬೇಕಾದ ಬಟ್ಟೆಯ ಪಟ್ಟಿ ಈಗಲೇ ಬರೆದುಕೊಟ್ಟಿದ್ದಾರೆ.

ದ್ರಾಕ್ಷಿ ಕೊಯ್ಲು ಮುಗಿದ ಮೇಲೆ ತೋಟದಲ್ಲಿ ನಾವೇ ಒಂದು ಸಣ್ಣ ಪಂದ್ಯ ಇಟ್ಟುಕೊಂಡೆವು. ನಾನು, ಅಕ್ಕನ ಮಗ, ಕ್ರೀಡಾಂಗಣದಲ್ಲಿ ಜೊತೆಗೆ ಓಡುವ ಇಬ್ಬರು ಗೆಳತಿಯರು. ಅವರಿಬ್ಬರಿಗೂ ಮೊದಲೇ ರೇಂಜಿನಲ್ಲಿ ತರಬೇತಿ ಆಗಿತ್ತು, ಅದಿಲ್ಲದೆ ಯಾರನ್ನೂ ಸೇರಿಸುವುದಿಲ್ಲ. ಮಾವ ರೇಂಜ್ ಆಫೀಸರ್. ಅವರು ಕೈ ಎತ್ತಿದರೆ ಎಲ್ಲ ನಿಲ್ಲಬೇಕು. ಅಮ್ಮನೂ ಬಂದಿದ್ದರು, ಕನ್ನಡಕ ಹಾಕಿಕೊಂಡು ಮಾವನ ಪಕ್ಕದಲ್ಲೇ ಕುರ್ಚಿ ಹಾಕಿಸಿಕೊಂಡರು. ಮೂರು ಓಟ, ಎರಡು ಸಲ ಗುರಿ. ಮಲಗಿ ನನಗೆ ಐದಕ್ಕೆ ನಾಲ್ಕು ಬಿತ್ತು. ಪಂಪ್‌ಹೌಸ್ ಗುರುತಿನಿಂದ ವೇಗ ಇಳಿಸಿಕೊಂಡು ಬಂದು ನಿಂತೆ. ಅಕ್ಕನ ಮಗ ನನಗಿಂತ ಮುಂದೆ ಬಂದು ಹೊಡೆಯುತ್ತಿದ್ದ. ಪಕ್ಕದಲ್ಲಿ "ಹೋಯ್ತು" ಅನ್ನುವ ಕೂಗು ಕೇಳಿಸಿತು. ಬೇರೆಯವರ ಗುರಿಯ ಸದ್ದು ಕಿವಿಗೆ ಬಿದ್ದ ಕೂಡಲೇ ನಮ್ಮ ಬೆರಳು ಅವಸರ ಮಾಡುತ್ತದೆ. ಒಬ್ಬರೇ ಅಭ್ಯಾಸ ಮಾಡಿದರೆ ಇದು ಗೊತ್ತಾಗುವುದೇ ಇಲ್ಲ. ಜೊತೆಗೆ ನಾಲ್ಕು ಜನ ಬೇಕು ಅನ್ನುವುದು ಅದಕ್ಕೇ. ಒಂದು ಉಸಿರು ಜಾಸ್ತಿ ತಗೊಂಡೆ. ಮೂರು ಬಿದ್ದವು, ಎರಡು ದಂಡದ ಸುತ್ತು ಓಡಿದೆ. ಅವನು ನಾಲ್ಕು ಓಡಿದ. ಕೊನೆಯ ಸುತ್ತಿನಲ್ಲಿ ಅವನು ನನ್ನನ್ನು ಹಿಡಿದು ದಾಟಿದ, ಬೇಲಿಯ ಗೇಟಿನ ಹತ್ತಿರ.

"ಚಿಕ್ಕಮ್ಮ, ಒಂದು ಗುಂಡು" ಅಂದ ಏದುಸಿರು ಬಿಡುತ್ತಾ. ಹೌದು, ಇನ್ನೊಂದು ಬಿದ್ದಿದ್ದರೆ ಅವನಿಗೆ ನಾನು ಸಿಗುತ್ತಿರಲಿಲ್ಲ. ಮುಂದಿನ ವಾರದಿಂದ ನಿಂತು ಹೊಡೆಯುವುದಕ್ಕೇ ಎರಡು ಸಂಜೆ ಇಟ್ಟಿದ್ದೇನೆ. ಒಬ್ಬ ಗೆಳತಿ ಪಕ್ಕದಲ್ಲಿ ನಿಂತು ಜೋರಾಗಿ "ಬಿತ್ತು", "ಹೋಯ್ತು" ಅಂತ ಕೂಗುತ್ತಿರಬೇಕು ಅಂತ ಮಾತಾಗಿದೆ.